ಹದಿಮೂರನೆಯ ಸಬ್ಬತ್ತು

ಕೇಳಿದವರಿಗೆ ಹೇಳುತ್ತೇನೆ: ಕಂಪ್ಯೂಟರ್ ಕೆಲಸ.
ಅಷ್ಟು ಸಾಕು. ನೈರೋಬಿಯಲ್ಲಿ ಎಲ್ಲರಿಗೂ ಅದು ಒಳ್ಳೆಯ ಸುದ್ದಿ.
ಮೊಂಬಾಸಾ ರಸ್ತೆಯ ಪಕ್ಕ, ನಾಲ್ಕನೆಯ ಮಹಡಿ.
ಜಗತ್ತು ತನ್ನ ಫೋನಿಗೆ ಕಕ್ಕಿದ್ದು
ಜಗತ್ತಿಗೆ ಕಾಣುವ ಮೊದಲು ನನಗೆ ಕಾಣುತ್ತದೆ.
ಒಂದೊಂದಕ್ಕೆ ಐವತ್ತು ಸೆಕೆಂಡು.
ಇರಲಿ. ತೆಗೆ. ತೆಗೆ. ಇರಲಿ. ತೆಗೆ.
ಯಾವುದನ್ನು ತೆಗೆದೆನೋ
ಅದು ನನ್ನಲ್ಲಿ ಇರುತ್ತದೆ.

ಹೆಸರು ಕೆರುಬೊ. ಪೈಪ್‌ಲೈನ್ ಬಡಾವಣೆಯಲ್ಲಿ ಒಂದು ಕೋಣೆ.
ಎದುರಿನ ಕಟ್ಟಡ ಎಷ್ಟು ಹತ್ತಿರವೆಂದರೆ
ಅವರು ಈರುಳ್ಳಿ ಹೆಚ್ಚಿದರೆ ನನ್ನ ಕಣ್ಣು ಉರಿಯುತ್ತದೆ;
ಅವರು ಯಾರೆಂದು ಗೊತ್ತಿಲ್ಲ, ಮೂರು ವರ್ಷವಾಯಿತು.

ದೇವರನ್ನು ಬಿಟ್ಟಿರಲಿಲ್ಲ. ಮಟಾಟು ಬಸ್ಸಿನಲ್ಲಿ
ಒಂದೂವರೆ ಪಟ್ಟು ವೇಗದಲ್ಲಿ ಪ್ರಸಂಗ ಕೇಳುತ್ತಿದ್ದೆ.
ಪಾಸ್ಟರ್ ಕೆಮ್ಮಿದರೆ ಹತ್ತು ಸೆಕೆಂಡು ಮುಂದಕ್ಕೆ ಸರಿಸುತ್ತಿದ್ದೆ.
ಜೋಡಿಸಿದ ಕೈಗಳ ಚಿತ್ರ ಒತ್ತಿದರೆ ಆಮೆನ್ ಆಯಿತು.
ಅಮ್ಮನ ಆಪರೇಶನ್ನಿನ ದಿನ ನನಗೂ ಬಂದಿದ್ದವು
ಅಂಥ ಕೈಗಳು, ಇನ್ನೂರ ಹನ್ನೊಂದು ಜೊತೆ.
ಎಣಿಸಿದ್ದೆ. ಆಸ್ಪತ್ರೆಯ ಬೆಂಚಿನಲ್ಲಿ
ನನ್ನ ಪಕ್ಕದ ಜಾಗ ಖಾಲಿಯಿತ್ತು.

ಆ ಶನಿವಾರ ಕರೆಂಟಿರಲಿಲ್ಲ, ಫೋನು ಸತ್ತಿತ್ತು,
ಅದಕ್ಕೇ ಹೋದೆ. ಭಕ್ತಿಗೆ ಅಂದರೆ ಸುಳ್ಳಾದೀತು.
ತಗಡಿನ ಮಾಡು, ಬಣ್ಣ ಹೋದ ಬೆಂಚು.
ಕೂತ ಮೇಲೆ ನೆನಪಾಯಿತು: ಹದಿಮೂರನೆಯ ಸಬ್ಬತ್ತು,
ರೊಟ್ಟಿ ಮುರಿಯುವ ಮೊದಲು ಒಬ್ಬರ ಕಾಲನ್ನೊಬ್ಬರು ತೊಳೆಯುವ ದಿನ.
ಗಂಡಸರು ಅತ್ತ, ಹೆಂಗಸರು ಇತ್ತ.
ತಪ್ಪಿಸಿಕೊಳ್ಳಲು ಬಾಗಿಲ ತನಕ ಬಂದಿದ್ದೆ.
ಅಲ್ಲೇ ನಿಂತಿದ್ದಳು ಜೋಡಿ ಸಿಗದ ಒಬ್ಬ ಮುದುಕಿ,
ಹೆಗಲಿಗೆ ಟವೆಲು, ಇದ್ದಿಲು ಮಾರುವ ನ್ಯಬೋಕೆ.

ಮೊದಲು ನಾನು ತೊಳೆಯಬೇಕು.
ಕರಾಯಿಯಲ್ಲಿ ನೀರು, ನೀರಲ್ಲಿ ಆ ಕಾಲು.
ಮಸಿ ಬಿರುಕುಗಳಿಗಿಳಿದು ಚರ್ಮವೇ ಆಗಿದೆ,
ಹೆಬ್ಬೆರಳಿಗೆ ಉಗುರಿಲ್ಲ.
ಹೇಳಲು ನಾಚಿಕೆ: ನನ್ನ ಕೈಯ ಹೆಬ್ಬೆರಳು ಮಿಡುಕಿತು.
ತೆಗೆ, ಅಂದಿತು. ಮುಂದಿನದು, ಅಂದಿತು.
ಮುಂದಿನದು ಇರಲಿಲ್ಲ.
ಐವತ್ತು ಸೆಕೆಂಡು ಕಳೆಯಿತು, ಕಾಲು ಅಲ್ಲೇ ಇತ್ತು,
ಬೆಚ್ಚಗೆ, ಭಾರವಾಗಿ,
ಕಚಗುಳಿಗೆ ಒಂಚೂರು ಹಿಂದೆ ಸರಿಯುತ್ತ.

ಆಮೇಲೆ ಅವಳ ಸರದಿ. ಮಂಡಿಯೂರಲು ಹೊತ್ತು ಹಿಡಿಯಿತು,
ಮೂಳೆ ಲಟಕ್ಕೆಂದಿತು. ನನ್ನ ಹಿಮ್ಮಡಿಯನ್ನು ಅಂಗೈಲಿಟ್ಟು
ಏನೋ ಓದುವವಳಂತೆ ನೋಡಿದಳು.
ಏನು ಕೆಲಸ, ಕೇಳಲಿಲ್ಲ.
ಇಷ್ಟು ದಿನ ಯಾಕೆ ಬರಲಿಲ್ಲ, ಕೇಳಲಿಲ್ಲ.
ಪೋಲೆ, ಅಂದಳು.

ಪೋಲೆ ಅಂದರೆ ಕ್ಷಮಿಸು ಅಂತಲ್ಲ.
ಎಡವಿದವರಿಗೆ ಹೇಳುತ್ತೇವೆ, ಹೊರೆ ಹೊತ್ತವರಿಗೆ,
ಸಾವಿನ ಮನೆಯಲ್ಲಿ, ತಪ್ಪು ಯಾರದೂ ಅಲ್ಲದಾಗಲೂ:
ನಿನಗಾದದ್ದು ನನಗೆ ತಾಗಿತು ಅಂತ.
ನಾನೇನೂ ಹೇಳಿರಲಿಲ್ಲ ಅವಳಿಗೆ. ಯಾರಿಗೂ ಹೇಳಿರಲಿಲ್ಲ,
ಹೇಳಬಾರದೆಂದು ಕಂಪನಿ ಸಹಿ ಹಾಕಿಸಿಕೊಂಡಿದೆ.
ನೀರು ತಣ್ಣಗಾಗುತ್ತಿತ್ತು. ಅಳು ಬಂದದ್ದು ನನಗೇ ಗೊತ್ತಾಗಲಿಲ್ಲ,
ಪಕ್ಕದ ಹುಡುಗಿ ತನ್ನ ಟವೆಲಿನ ತುದಿ ಚಾಚುವವರೆಗೆ.
ಆ ರಾತ್ರಿ ತನ್ನವರ ಮುಂದೆ ಬಗ್ಗಿದವನಿಗೂ
ಎಲ್ಲ ಗೊತ್ತಿತ್ತಲ್ಲ, ಯಾರು ಮಾರುತ್ತಾನೆ,
ಕೋಳಿ ಕೂಗುವ ಮೊದಲು ಯಾರು ಅವನಾರೋ ಅನ್ನುತ್ತಾನೆ.
ಒಂದು ಜೊತೆ ಕಾಲನ್ನೂ ಬಿಡಲಿಲ್ಲ.

ಸೋಮವಾರ ಮತ್ತೆ ನಾಲ್ಕನೆಯ ಮಹಡಿ. ಬಾಡಿಗೆ ಕಟ್ಟಬೇಕು.
ಇರಲಿ. ತೆಗೆ. ತೆಗೆ.
ಸಂಜೆ ಒಂದು ಸ್ಟಾಪು ಮೊದಲೇ ಇಳಿದು
ಎರಡು ಡಬ್ಬಿ ಇದ್ದಿಲು ಕೊಂಡೆ. ನನ್ನದು ಗ್ಯಾಸ್ ಒಲೆ.
ಚಿಲ್ಲರೆ ಎಣಿಸುತ್ತ ಮುದುಕಿ ನನ್ನ ಮುಖ ನೋಡಿದಳು,
ಗುರುತು ಹತ್ತಲಿಲ್ಲ.
ಆಮೇಲೆ ಬಗ್ಗಿ ಕಾಲು ನೋಡಿ,
ಓ, ಅಂದಳು. ನೀನಾ.
ಕೂತುಕೋ.